ವಿದೇಶಿಯರ ಹಣ, ನಮ್ಮ ಹೆಸರಲ್ಲಿ ಜಾಗ: ಗೋಕರ್ಣದ ಹತ್ತಿರ ಹೀಗೆ ಮಾಡಬಹುದಾ?

ಬಾಡದ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲ್ಲೂಕಿನವನು. ಅಣ್ಣ ಗೋಕರ್ಣದ ಹತ್ತಿರ ಸಣ್ಣ ಹೋಮ್‌ಸ್ಟೇ ನಡೆಸುತ್ತಾನೆ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಯುರೋಪಿನ ಗಂಡ-ಹೆಂಡತಿ ಅಲ್ಲಿಗೆ ಬರುತ್ತಾರೆ, ಬೇಸಿಗೆ ಶುರುವಾಗುವವರೆಗೂ ಇರುತ್ತಾರೆ. ತುಂಬಾ ಒಳ್ಳೆಯ ಜನ. ನಮ್ಮ ಮನೆಯ ಮದುವೆಗೂ ಬಂದಿದ್ದರು. ಆಯಿ ಅವರನ್ನು ಮನೆಮಕ್ಕಳ ಹಾಗೇ ನೋಡುತ್ತಾಳೆ.

ಈ ಸಲ ಅವರು ಒಂದು ಮಾತು ಎತ್ತಿದ್ದಾರೆ. ಗುಡ್ಡದ ಬದಿಗೆ, ಕಡಲು ಕಾಣುವ ಹಾಗೆ 12 ಗುಂಟೆ ಜಾಗ ನೋಡಿ ಇಟ್ಟಿದ್ದಾರೆ. ಹಣ ಪೂರ್ತಿ ಅವರದ್ದು. ಕ್ರಯಪತ್ರ ಅಣ್ಣನ ಹೆಸರಿಗೆ. ಮನೆ ಕಟ್ಟಿಕೊಂಡು ಅವರು ಇರುವುದು, ಅವರ ಕಾಲದ ನಂತರ ಜಾಗ ನಮಗೇ. ಪಹಣಿಯಲ್ಲಿ ಅದು ಇನ್ನೂ ಕೃಷಿ ಜಮೀನು. ದಲ್ಲಾಳಿ ಹೇಳುವುದು, "ಹಿಂದಿನಿಂದ ಒಂದು ಕರಾರು ಬರೆದು ನೋಟರಿ ಮಾಡಿಸಿದರೆ ಇಬ್ಬರಿಗೂ ಸೇಫ್" ಅಂತ.

ಅಣ್ಣ ಅರ್ಧ ಒಪ್ಪಿದ್ದಾನೆ. ಅತ್ತಿಗೆಗೆ ಸುತಾರಾಂ ಇಷ್ಟ ಇಲ್ಲ. ಹಣ ಕಳಿಸಲಿಕ್ಕೆ ಅಣ್ಣನ ಬ್ಯಾಂಕ್ ಖಾತೆ ನಂಬರ್ ಕೇಳಿದ್ದಾರೆ. ತಿಳಿದವರು ಹೇಳಿ, ಇದರಲ್ಲಿ ಅಪಾಯ ಯಾರಿಗೆ? ಅವರಿಗಾ, ನಮಗಾ?

ಕುಡ್ಲೆ ಕಡೆಯವ

ಕಡಲ ಬದಿಗೆ ಇಂಥ ಮಾತು ಹೊಸತಲ್ಲ. ನಂಬಿಕೆ ಇದ್ದರೆ ಆಯ್ತು. 2020ರಲ್ಲಿ ಭೂ ಸುಧಾರಣಾ ಕಾಯ್ದೆ ತಿದ್ದುಪಡಿ ಆದಮೇಲೆ ಕೃಷಿ ಜಮೀನನ್ನು ಯಾರು ಬೇಕಾದರೂ ಕೊಳ್ಳಬಹುದು, ಅಲ್ವಾ? ಸುಮ್ನೆ ಹೆದರಿಸಬೇಡಿ ಪಾಪ.

ಪತ್ರ ಬರೆಯುವವ, ಕುಮಟಾ

ತಮ್ಮಾ, ಉಪನೋಂದಣಿ ಕಚೇರಿಯ ಎದುರು ಕೂತು ಪತ್ರ ಬರೆಯುವುದೇ ನನ್ನ ಹೊಟ್ಟೆಪಾಡು. ಒಂದು ಪತ್ರ ಜಾಸ್ತಿ ಆದರೆ ನನಗೇ ಲಾಭ. ಆದರೂ ಹೇಳುತ್ತೇನೆ, ಈ ಪತ್ರ ಬರೆಸಬೇಡ.

ಮೊದಲು ಕುಡ್ಲೆಯವರ ಮಾತಿಗೆ ಉತ್ತರ. 2020ರ ತಿದ್ದುಪಡಿಯಲ್ಲಿ 79ಎ, 79ಬಿ ಕಲಮುಗಳು ಹೋದವು, ನಿಜ. ಅಂದರೆ ಬೇಸಾಯಗಾರರ ಕುಟುಂಬದವನೇ ಆಗಿರಬೇಕು, ಇಷ್ಟೇ ವರಮಾನ ಇರಬೇಕು ಎನ್ನುವ ಷರತ್ತು ಹೋಯಿತು. ಅದು ರಾಜ್ಯದ ಕಾನೂನು. ವಿದೇಶಿಯರ ವಿಷಯಕ್ಕೆ ಕೇಂದ್ರದ ಫೆಮಾ (ವಿದೇಶಿ ವಿನಿಮಯ ನಿರ್ವಹಣೆ) ಕಾಯ್ದೆ, 1999ರದ್ದು, ಬೇರೆಯೇ ಇದೆ. ಅದಕ್ಕೂ ಈ ತಿದ್ದುಪಡಿಗೂ ಸಂಬಂಧ ಇಲ್ಲ.

ಫೆಮಾ ಪ್ರಕಾರ, ಭಾರತೀಯ ಮೂಲದವರಲ್ಲದ, ಹೊರದೇಶದಲ್ಲಿ ವಾಸ ಇರುವ ವಿದೇಶಿ ಪ್ರಜೆ ಇಲ್ಲಿ ಸ್ಥಿರಾಸ್ತಿ ಕೊಳ್ಳುವ ಹಾಗಿಲ್ಲ. ಕೃಷಿ ಜಮೀನು ಮಾತ್ರ ಅಲ್ಲ, ಸೈಟೂ ಇಲ್ಲ, ಫ್ಲ್ಯಾಟೂ ಇಲ್ಲ. 5 ವರ್ಷ ಮೀರದ ಲೀಸ್ ಮಾತ್ರ ಮಾಡಿಕೊಳ್ಳಬಹುದು. "182 ದಿನ ಇದ್ದರೆ ರೆಸಿಡೆಂಟ್ ಆಗ್ತಾರೆ, ಆಮೇಲೆ ಕೊಳ್ಳಬಹುದು" ಅಂತ ದಲ್ಲಾಳಿಗಳು ಹೇಳುವುದುಂಟು. ಅದು ಅರ್ಧ ಸತ್ಯ. ಹಿಂದಿನ ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಹೆಚ್ಚು ಇದ್ದಿರಬೇಕು, ಜೊತೆಗೆ ನೌಕರಿಗೋ ವ್ಯಾಪಾರಕ್ಕೋ ಅಥವಾ ಇಲ್ಲೇ ನೆಲೆ ನಿಲ್ಲುವ ಉದ್ದೇಶಕ್ಕೋ ಬಂದಿರಬೇಕು. ಟೂರಿಸ್ಟ್ ವೀಸಾದಲ್ಲಿ ಬಂದು ಹೋಗುವವರು ಎಷ್ಟು ದಿನ ಇದ್ದರೂ ಪ್ರವಾಸಿಗಳೇ.

ಇನ್ನು ನಿನ್ನ ಅಣ್ಣನ ಪಾಲಿನ ಅಪಾಯ. ಹಣ ಒಬ್ಬರದ್ದು, ಹೆಸರು ಇನ್ನೊಬ್ಬರದ್ದು ಅಂದರೆ ಅದೇ ಬೇನಾಮಿ. ಕಾಯ್ದೆ 1988ರದ್ದೇ ಆದರೂ 2016ರ ನವೆಂಬರ್ 1ರಿಂದ ಅದಕ್ಕೆ ಹಲ್ಲು ಬಂದಿದೆ. 1 ವರ್ಷದಿಂದ 7 ವರ್ಷದವರೆಗೆ ಜೈಲು, ಜಾಗದ ಮಾರುಕಟ್ಟೆ ಬೆಲೆಯ ಶೇಕಡಾ 25ರವರೆಗೆ ದಂಡ, ಜಾಗ ಸರ್ಕಾರಕ್ಕೆ. ಹಣ ಕೊಟ್ಟವನಿಗೂ ಶಿಕ್ಷೆ, ಹೆಸರು ಕೊಟ್ಟವನಿಗೂ ಶಿಕ್ಷೆ. ಹೆಂಡತಿ ಮಕ್ಕಳ ಹೆಸರಲ್ಲಿ ಸ್ವಂತ ದುಡಿಮೆಯಿಂದ ಕೊಂಡರೆ ವಿನಾಯಿತಿ ಇದೆ. ಸ್ನೇಹಿತರಿಗೆ ಇಲ್ಲ, ಎಷ್ಟೇ ಒಳ್ಳೆಯವರಾಗಿರಲಿ.

ಕುಡ್ಲೆ ಕಡೆಯವ

ಯಾರು ಕಂಪ್ಲೇಂಟ್ ಕೊಡ್ತಾರೆ ಮಾರಾಯ್ರೆ? ಊರವರಿಗೆ ಗೊತ್ತಿದ್ದೂ ಯಾರೂ ಮಾತಾಡುವುದಿಲ್ಲ.

ಕಾರವಾರ ಕೋರ್ಟ್ ರಸ್ತೆ

ನಾನು ವಕೀಲೆ, ಸಿವಿಲ್ ಕೇಸು ನಡೆಸುತ್ತೇನೆ. ಕಂಪ್ಲೇಂಟ್ ಹೊರಗಿನವರೇ ಕೊಡಬೇಕು ಅಂತಿಲ್ಲ. ದಾಯಾದಿ ಜಗಳ ಶುರುವಾದ ದಿನ ಮನೆಯವರೇ ಕಾಗದ ಹೊರಗೆ ತರುತ್ತಾರೆ. ಮತ್ತೆ ಗೋವಾ ನಮ್ಮಿಂದ ಎಷ್ಟು ದೂರ? ಕಾಳಿ ಸೇತುವೆ ದಾಟಿ ಸ್ವಲ್ಪ ಹೋದರೆ ಗಡಿ. ಅಲ್ಲಿ ಫೆಮಾ ಮೀರಿ ವಿದೇಶಿಯರು ಕೊಂಡ ಜಾಗಗಳ ಬಗ್ಗೆ ಜಾರಿ ನಿರ್ದೇಶನಾಲಯ ತನಿಖೆಗೆ ಇಳಿದದ್ದನ್ನು ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ. ಫೆಮಾದಲ್ಲಿ ದಂಡ ವ್ಯವಹಾರದ ಮೊತ್ತದ 3 ಪಟ್ಟಿನವರೆಗೆ ಹೋಗಬಹುದು.

ಹಳೆಯದು ಅಂತ ಬಿಟ್ಟುಬಿಡುತ್ತಾರೆ ಎನ್ನುವ ನಂಬಿಕೆಯೂ ಬೇಡ. ಬೆಂಗಳೂರಿನ ಒಂದು ಆಸ್ತಿಯ ಕೇಸು ನೋಡಿ. ವಿದೇಶಿ ಪ್ರಜೆಯಾಗಿದ್ದ ಒಬ್ಬ ವಿಧವೆ 1977ರಲ್ಲಿ ತನ್ನ ಆಸ್ತಿಯ ಭಾಗವನ್ನು ದಾನಪತ್ರ ಮಾಡಿಕೊಟ್ಟರು. ಆಗ ಫೆಮಾ ಇರಲಿಲ್ಲ, ಅದಕ್ಕಿಂತ ಹಿಂದಿನ ವಿದೇಶಿ ವಿನಿಮಯ ಕಾಯ್ದೆ, 1973ರ ಫೆರಾ ಇತ್ತು. ರಿಸರ್ವ್ ಬ್ಯಾಂಕಿನ ಮುಂಗಡ ಅನುಮತಿ ತೆಗೆದುಕೊಂಡಿರಲಿಲ್ಲ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ದಾನಪತ್ರ ಊರ್ಜಿತ ಅಲ್ಲ ಅಂತ ಹೇಳಿತು. 44 ವರ್ಷ ಆದಮೇಲೆ! ಪತ್ರ ನೋಂದಣಿ ಆಗಿತ್ತು, ಆದರೂ ನಿಲ್ಲಲಿಲ್ಲ. ನೋಂದಣಿ ಆದ ತಕ್ಷಣ ಎಲ್ಲ ಸರಿ ಅಂದುಕೊಳ್ಳುವವರು ಈ ತೀರ್ಪನ್ನು ಗಮನಿಸಬೇಕು.

ದೇರಾ ದುಬೈ, ಊರು ಭಟ್ಕಳ

ಅಸ್ಸಲಾಮು ಅಲೈಕುಂ, ಎಲ್ಲರಿಗೂ ನಮಸ್ಕಾರ. ಈ ವಿಷಯದಲ್ಲಿ ನಾವು ಆಚೆ ದಡದವರು. ಇಲ್ಲಿ ನಾವೇ ವಿದೇಶಿಗಳು.

ಭಟ್ಕಳದ ಎಷ್ಟೋ ಮನೆ ದುಬೈ ಅಂಗಡಿಯ ದುಡ್ಡಲ್ಲಿ ಎದ್ದಿದೆ. ಆ ಕಾಲದಲ್ಲಿ ಲೈಸೆನ್ಸ್ ಹೇಗೆ ಇತ್ತು ಗೊತ್ತಲ್ಲ? ಕಾಗದದಲ್ಲಿ ಶೇಕಡಾ 51 ಅರ್ಬಾಬನದ್ದು, ಅಂದರೆ ಹೆಸರು ಕೊಟ್ಟ ಅಲ್ಲಿಯ ಪ್ರಜೆಯದ್ದು. ಬಂಡವಾಳ, ದುಡಿಮೆ, ನಿದ್ದೆಗೇಡು ಎಲ್ಲ ನಮ್ಮದು. ವರ್ಷಕ್ಕೆ ಇಷ್ಟು ಅಂತ ಅವನಿಗೆ ಕೊಡುವುದು, ಒಳಗೊಳಗೆ ಒಂದು ಕರಾರು. ಅರ್ಬಾಬ್ ಒಳ್ಳೆಯವನಾಗಿದ್ದರೆ ಜೀವನ ಸುಗಮ. ಅವನು ತೀರಿಕೊಂಡು ಮಕ್ಕಳು ಬಂದರು ಅನ್ನಿ, "ಲೈಸೆನ್ಸ್ ನಮ್ಮ ತಂದೆಯದ್ದು, ಅಂಗಡಿ ಬಿಡಿ" ಅಂದರೆ ನಮ್ಮವರು ಯಾವ ಕೋರ್ಟಿಗೆ ಹೋಗಬೇಕು? ಒಳಗಿನ ಕರಾರು ತೋರಿಸಿದರೆ ತಾನೇ ಕಾನೂನು ಮುರಿದದ್ದು ಒಪ್ಪಿಕೊಂಡ ಹಾಗೆ. ಇಂಥ ಮುಚ್ಚುಮರೆ ವ್ಯವಹಾರದ ವಿರುದ್ಧ ಇಲ್ಲಿ 2004ರಲ್ಲೇ ಕಾನೂನು ಆಗಿತ್ತು. 2021ರ ಜೂನ್‌ನಿಂದ ಹೆಚ್ಚಿನ ವ್ಯಾಪಾರಗಳಲ್ಲಿ ಪೂರ್ತಿ ಮಾಲೀಕತ್ವ ವಿದೇಶಿಗೇ ಸಿಗುವ ಹಾಗೆ ಬದಲಾಯಿಸಿದ್ದಾರೆ, ಈಗ ಎಷ್ಟೋ ಹಗುರ ಆಗಿದೆ.

ಬಾಡದ ಭಾಯಿ, ನಿನ್ನ ಅಣ್ಣ ಈಗ ಆಗಲು ಹೊರಟಿರುವುದು ಆ ಅರ್ಬಾಬ್. ಅವರಿಬ್ಬರೂ ನಮ್ಮ ಜಾಗದಲ್ಲಿ ನಿಂತಿದ್ದಾರೆ. ಅವರ ಮೇಲೆ ಪ್ರೀತಿ ಇದ್ದರೆ ಬೇಡ ಅನ್ನಲಿ.

ಜಾಗದ ವಿಷಯ ಕೇಳಿದರೆ, ದುಬೈ 2006ರಲ್ಲಿ 7ನೇ ನಂಬರ್ ಕಾನೂನು ಮಾಡಿ, ಗೊತ್ತುಪಡಿಸಿದ ಏರಿಯಾಗಳಲ್ಲಿ ಮಾತ್ರ ವಿದೇಶಿಯರಿಗೆ ಫ್ರೀಹೋಲ್ಡ್ (ಪೂರ್ಣ ಒಡೆತನ) ಕೊಟ್ಟಿದೆ, ಕೆಲವು ಕಡೆ 99 ವರ್ಷದ ಲೀಸ್. ಆ ಏರಿಯಾ ಬಿಟ್ಟು ಹೊರಗೆ ಯಾರದ್ದೋ ಹೆಸರಲ್ಲಿ ಕೊಂಡರೆ ಅದೇ ಕಥೆ. ಕಟ್ಟುತ್ತಿರುವ ಫ್ಲ್ಯಾಟಿಗೆ ಹಣ ಕಟ್ಟುವ ಮೊದಲು ಎರಡು ನೋಡಿ. ಭೂ ಇಲಾಖೆಯಲ್ಲಿ ನಿಮ್ಮ ಹೆಸರಿಗೆ ಒಕೂದ್ (ಕಟ್ಟುತ್ತಿರುವ ಫ್ಲ್ಯಾಟಿನ ಖರೀದಿ) ನೋಂದಣಿ ಆಗುತ್ತದೋ ಇಲ್ಲವೋ, ಮತ್ತೆ ಹಣ ಹೋಗುವುದು ಆ ಪ್ರಾಜೆಕ್ಟಿಗೇ ಮೀಸಲಾದ ಎಸ್ಕ್ರೋ ಖಾತೆಗೋ ಅಥವಾ ಏಜೆಂಟನ ಜೇಬಿಗೋ. ಎಸ್ಕ್ರೋ ಕಡ್ಡಾಯ ಆದದ್ದು 2007ರ ಕಾನೂನಿನಿಂದ.

ಶಿರಸಿ ತೋಟಿಗ

ಒಳ್ಳೆಯ ಚರ್ಚೆ. ನನ್ನದೂ ಒಂದು ಪ್ರಶ್ನೆ ಇದೆ, ಸ್ವಲ್ಪ ಬೇರೆ. ಮಗಳು ಅಮೆರಿಕದಲ್ಲಿದ್ದಾಳೆ, ಅಲ್ಲಿಯ ಪ್ರಜೆ ಆಗಿದ್ದಾಳೆ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದೆ. ಒಬ್ಬಳೇ ಮಗಳು. ನನಗೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ, ಶಿರಸಿ ಪೇಟೆಯಲ್ಲಿ ಒಂದು ಮನೆ ಇದೆ. ಎಲ್ಲ ನನ್ನ ಸ್ವಯಾರ್ಜಿತ. ನಾನಿರುವಾಗಲೇ ಎಲ್ಲವನ್ನೂ ಅವಳ ಹೆಸರಿಗೆ ದಾನಪತ್ರ ಮಾಡಿಬಿಡೋಣ ಅಂದುಕೊಂಡಿದ್ದೇನೆ. ತೊಂದರೆ ಇದೆಯಾ ತಂಗಿ?

ಕಾರವಾರ ಕೋರ್ಟ್ ರಸ್ತೆ

ಕೇಳಿದ್ದು ಒಳ್ಳೆಯದಾಯಿತು ಮಾವ. ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇದೆ. ಮಕ್ಕಳೆಲ್ಲ ಹೊರದೇಶ, ತೋಟದಲ್ಲಿ ಅಪ್ಪ-ಅಮ್ಮ ಇಬ್ಬರೇ.

ಪೇಟೆಯ ಮನೆಯನ್ನು ನೀವು ಮಗಳಿಗೆ ದಾನ ಕೊಡಬಹುದು. ತೋಟವನ್ನು ಕೊಡುವ ಹಾಗಿಲ್ಲ. ಒಸಿಐ ಕಾರ್ಡ್ ಇರುವವರಾಗಲಿ, ಭಾರತದ ಪಾಸ್‌ಪೋರ್ಟೇ ಇರುವ ಎನ್‌ಆರ್‌ಐ ಆಗಲಿ, ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಈ ಮೂರನ್ನು ಕೊಳ್ಳುವ ಹಾಗೂ ಇಲ್ಲ, ದಾನ ತೆಗೆದುಕೊಳ್ಳುವ ಹಾಗೂ ಇಲ್ಲ. ಗಲ್ಫಿನಲ್ಲಿರುವ ನಮ್ಮವರು ಊರಲ್ಲಿ ತೆಂಗಿನ ತೋಟ ಕೊಳ್ಳಲು ಹೊರಡುತ್ತಾರೆ, ಅವರಿಗೂ ಇದೇ ಮಾತು. ಎನ್.ಎ. (ಕೃಷಿಯೇತರ) ಆದ ಜಾಗ, ಮನೆ, ಅಂಗಡಿ ಕೊಳ್ಳಲಿ, ತೊಂದರೆ ಇಲ್ಲ.

ಆದರೆ ವಾರಸಾ ಹಕ್ಕಿನಿಂದ ಬರುವುದನ್ನು ಕಾನೂನು ತಡೆದಿಲ್ಲ. ಭಾರತದಲ್ಲಿ ವಾಸ ಇದ್ದವರಿಂದ ವಾರಸಾ ಬಂದ ಆಸ್ತಿಯನ್ನು ಹೊರದೇಶದಲ್ಲಿರುವವರು ಇಟ್ಟುಕೊಳ್ಳಬಹುದು ಅಂತ ಫೆಮಾದ 6(5)ನೇ ಕಲಮು ಹೇಳುತ್ತದೆ. ಹಾಗಾಗಿ ತೋಟಕ್ಕೆ ದಾನಪತ್ರ ಬೇಡ, ಉಯಿಲು ಬರೆದು ನೋಂದಣಿ ಮಾಡಿಸಿ. ನಿಮ್ಮ ನಂತರ ಅವಳು ಪೌತಿ ಖಾತೆ ಮಾಡಿಸಿಕೊಳ್ಳುತ್ತಾಳೆ. ಮುಂದೆ ಮಾರುವುದಾದರೆ ಭಾರತದಲ್ಲೇ ವಾಸ ಇರುವ ಭಾರತೀಯ ಪ್ರಜೆಗೆ ಮಾತ್ರ ಮಾರಬಹುದು. ಬಂದ ಹಣ ಎನ್‌ಆರ್‌ಒ ಖಾತೆಗೆ (ಹೊರದೇಶದಲ್ಲಿರುವವರ ಇಲ್ಲಿಯ ರೂಪಾಯಿ ಖಾತೆ) ಹೋಗಬೇಕು, ತೆರಿಗೆ ಕಟ್ಟಿದಮೇಲೆ ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು.

ಬೆಟ್ಟದ ವಿಷಯ ಮಗಳಿಗೆ ಈಗಲೇ ತಿಳಿಸಿಡಿ. ಅದು ಸರ್ಕಾರದ ಅರಣ್ಯ ಭೂಮಿ. ತೋಟಕ್ಕೆ ಸೊಪ್ಪು, ದರಕು, ಕಟ್ಟಿಗೆ ತರುವ ಸೌಲಭ್ಯ ಮಾತ್ರ ನಮ್ಮದು. ತೋಟದಿಂದ ಬಿಡಿಸಿ ಬೆಟ್ಟವನ್ನು ಬೇರೆ ಮಾರಲು ಬರುವುದಿಲ್ಲ. ಹೊರಗೆ ಬೆಳೆದ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ, ಯಾರೋ "ನಿಮ್ಮ ಬೆಟ್ಟ ನನಗೆ ಕೊಡಿ" ಅಂದರೆ ಅಡ್ವಾನ್ಸ್ ತೆಗೆದುಕೊಂಡುಬಿಟ್ಟಾರು.

ಶಿರಸಿ ತೋಟಿಗ

ಬಹಳ ಉಪಕಾರ ಆಯಿತು. ಉಯಿಲೇ ಸರಿ. ಈ ವಾರವೇ ಮಾತಾಡುತ್ತೇನೆ.

ಹೊನ್ನಾವರದ ಅಡುಗೆಭಟ್ಟ, ಈಗ ಪಟ್ಟಾಯ

ನಾನು ಥಾಯ್ಲೆಂಡಿನಲ್ಲಿ ಹೋಟೆಲ್ ಅಡುಗೆಮನೆಯಲ್ಲಿದ್ದೇನೆ. ಇಲ್ಲಿ ಜಾಗ ಕೊಳ್ಳಲು ಹೊರಡುವ ಬಿಳಿಯರನ್ನೂ ನೋಡಿದ್ದೇನೆ, ಈಗೀಗ ನಮ್ಮ ಭಾರತದವರನ್ನೂ. ಇಲ್ಲಿ ವಿದೇಶಿಗೆ ನೆಲ ಇಲ್ಲ, 1954ರ ಭೂ ಸಂಹಿತೆಯಿಂದ ಹಾಗೇ ಇದೆ. ಕಾಂಡೊ (ಫ್ಲ್ಯಾಟ್) ಕಟ್ಟಡದಲ್ಲಿ ಶೇಕಡಾ 49ರವರೆಗಿನ ವಿಸ್ತೀರ್ಣ ವಿದೇಶಿಯರ ಹೆಸರಲ್ಲಿ ಇರಬಹುದು. ನೆಲ ಬೇಕಂದರೆ ಲೀಸ್, 30 ವರ್ಷಕ್ಕಿಂತ ಜಾಸ್ತಿ ಇಲ್ಲ. 50 ವರ್ಷ ಅಂತ ಬರೆದರೂ ಕೋರ್ಟು 30ಕ್ಕೇ ಇಳಿಸುತ್ತದೆ. "30ರ ಮೇಲೆ 30, ಅದರ ಮೇಲೆ 30" ಅಂತ ಏಜೆಂಟರು ಬಣ್ಣದ ಪುಸ್ತಕ ತೋರಿಸುತ್ತಾರೆ, ಮೊದಲ 30 ಮಾತ್ರ ನಂಬಿ.

ಥಾಯ್ ಹೆಂಡತಿಯ ಹೆಸರಲ್ಲಿ ಜಾಗ ಕೊಳ್ಳುವವರೂ ಇದ್ದಾರೆ. ಆಗ ಭೂ ಕಚೇರಿಯಲ್ಲಿ ಗಂಡ-ಹೆಂಡತಿ ಇಬ್ಬರೂ ಒಂದು ಕಾಗದಕ್ಕೆ ಸಹಿ ಹಾಕಬೇಕು. ಈ ಹಣ ಪೂರ್ತಿ ಅವಳದ್ದೇ, ಗಂಡನಿಗೆ ಇದರಲ್ಲಿ ಏನೂ ಹಕ್ಕಿಲ್ಲ ಅಂತ. ಜೀವಮಾನದ ಉಳಿತಾಯ ಹಾಕಿದವನು ತನ್ನ ಕೈಯಿಂದಲೇ ಅದು ತನ್ನದಲ್ಲ ಅಂತ ಬರೆದುಕೊಡುತ್ತಾನೆ. ಆಮೇಲೆ ಸಂಸಾರ ಮುರಿದರೆ ಬರಿಗೈ. ಕಾನೂನು ಮೀರಿ ನೆಲ ಇಟ್ಟುಕೊಂಡದ್ದು ಗೊತ್ತಾದರೆ 180 ದಿನದಿಂದ 1 ವರ್ಷದೊಳಗೆ ಮಾರು ಅಂತ ಆದೇಶ ಬರುತ್ತದೆ. ಅವಸರದಲ್ಲಿ ಮಾರುವವನಿಗೆ ಎಂಥ ಬೆಲೆ ಸಿಗುತ್ತದೆ ಹೇಳಿ.

ಹಡಗಿನವ, ಸದಾಶಿವಗಡ

ಬಾಲಿಯಲ್ಲಿ ಇದಕ್ಕಿಂತ ಕಠಿಣ. ಇಂಡೋನೇಷ್ಯಾದ 1960ರ ಭೂ ಕಾನೂನಿನಲ್ಲಿ ಪೂರ್ಣ ಒಡೆತನ ಆ ದೇಶದ ಪ್ರಜೆಗೆ ಮಾತ್ರ. ಸುತ್ತುಬಳಸಿ ವಿದೇಶಿಗೆ ಕೊಟ್ಟರೆ ವ್ಯವಹಾರವೇ ರದ್ದು, ನೆಲ ಸರ್ಕಾರಕ್ಕೆ, ಕೊಟ್ಟ ಹಣವನ್ನು ವಾಪಸ್ ಕೇಳುವ ಹಾಗೂ ಇಲ್ಲ ಅಂತ ಕಲಮಿನಲ್ಲೇ ಬರೆದಿದೆ. ವಿದೇಶಿಗೆ ಸಿಗುವುದು ಅವಧಿ ಇರುವ ಬಳಕೆಯ ಹಕ್ಕು ಅಷ್ಟೇ.

ಬಾಡದ ಹುಡುಗ

ಎಲ್ಲರಿಗೂ ಧನ್ಯವಾದ. ದಲ್ಲಾಳಿ ಕೊಟ್ಟ ಕರಾರಿನ ಕರಡು ಅಣ್ಣನ ಹತ್ತಿರ ಇತ್ತು, ಓದಿದೆ. ಮುಖ್ಯ ಸಾಲುಗಳು ಹೀಗಿವೆ: "ಸದರಿ ಸ್ವತ್ತಿನ ಪೂರ್ತಿ ಕ್ರಯದ ಹಣವನ್ನು ಎರಡನೇ ಪಾರ್ಟಿಯವರು ಕೊಟ್ಟಿರುತ್ತಾರೆ. ಒಂದನೇ ಪಾರ್ಟಿಯವರ ಹೆಸರು ಕಾಗದಪತ್ರಕ್ಕೆ ಮಾತ್ರ ಇರುತ್ತದೆ. ಎರಡನೇ ಪಾರ್ಟಿಯವರು ಕೇಳಿದಾಗ ಅವರು ಹೇಳಿದವರ ಹೆಸರಿಗೆ ವರ್ಗ ಮಾಡಿಕೊಡತಕ್ಕದ್ದು." ಜೊತೆಗೆ ಒಂದು ಜನರಲ್ ಪವರ್ ಆಫ್ ಅಟಾರ್ನಿ. 100 ರೂಪಾಯಿ ಸ್ಟಾಂಪ್ ಪೇಪರ್. ಇದರಿಂದ ಯಾರಿಗಾದರೂ ರಕ್ಷಣೆ ಇದೆಯಾ?

ಕಾರವಾರ ಕೋರ್ಟ್ ರಸ್ತೆ

ಆ ಎರಡನೇ ವಾಕ್ಯ ಸಾಕು. ಬೇನಾಮಿ ಅಂತ ಸಾಬೀತು ಮಾಡಲು ಅಧಿಕಾರಿಗಳಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ, ಇಬ್ಬರೂ ಸಹಿ ಹಾಕಿ ಕೊಟ್ಟ ಹಾಗೆ ಆಗುತ್ತದೆ. ನೋಟರಿ ಸೀಲು ಸಹಿ ಯಾರದ್ದು ಅಂತ ಮಾತ್ರ ಹೇಳುತ್ತದೆ. ವ್ಯವಹಾರಕ್ಕೆ ಕಾನೂನಿನ ಬಲ ಕೊಡುವುದಿಲ್ಲ.

ಹಣ ಕೊಟ್ಟವರು ಈ ಕಾಗದ ಹಿಡಿದು "ಜಾಗ ನಮ್ಮದು" ಅಂತ ದಾವೆ ಹಾಕಲು ಬೇನಾಮಿ ಕಾಯ್ದೆಯ 4ನೇ ಕಲಮು ಬಿಡುವುದಿಲ್ಲ. ಅಣ್ಣ ತಾನಾಗಿ ವಾಪಸ್ ಬರೆದುಕೊಡಲಿಕ್ಕೂ 6ನೇ ಕಲಮು ಅಡ್ಡ. ಅಂದರೆ ಮನಸ್ಸು ಒಳ್ಳೆಯದಿದ್ದರೂ ಮಾತು ಉಳಿಸಿಕೊಳ್ಳಲು ದಾರಿ ಇಲ್ಲ. ಪವರ್ ಆಫ್ ಅಟಾರ್ನಿಯಿಂದ ಒಡೆತನ ವರ್ಗ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟ ಮಾಡಿದೆ.

ನಾಳೆ ಅಣ್ಣನಿಗೆ ಏನಾದರೂ ಆದರೆ (ಆಗದಿರಲಿ) ಜಾಗ ಅತ್ತಿಗೆ ಮತ್ತು ಮಕ್ಕಳ ಹೆಸರಿಗೆ ಹೋಗುತ್ತದೆ, ಆಯಿಗೂ ಪಾಲು ಬರುತ್ತದೆ. ಆ ದಂಪತಿ ಆಗ ಯಾರನ್ನು ಕೇಳಬೇಕು? ಅಣ್ಣ ಸೊಸೈಟಿ ಸಾಲ ಕಟ್ಟದೆ ಉಳಿಸಿಕೊಂಡರೆ ವಸೂಲಿಗೆ ಈ 12 ಗುಂಟೆಯೂ ಸೇರುತ್ತದೆ. ಸೊಸೈಟಿಯವರು ಪಹಣಿಯ 9ನೇ ಕಾಲಮ್ಮಿನಲ್ಲಿ ಯಾರ ಹೆಸರಿದೆ ಅಂತ ಮಾತ್ರ ನೋಡುತ್ತಾರೆ.

ಬ್ಯಾಂಕ್ ಖಾತೆಯ ವಿಷಯ ಇನ್ನೂ ಸೂಕ್ಷ್ಮ. ಹೊರದೇಶದಿಂದ ದೊಡ್ಡ ಮೊತ್ತ ಬಂದರೆ ಯಾಕೆ ಬಂತು ಅಂತ ಬ್ಯಾಂಕಿನವರು ಕೇಳುತ್ತಾರೆ. ಉಡುಗೊರೆ ಅಂತ ಬರೆದರೆ, ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ಮೀರಿದ ಉಡುಗೊರೆ ಪೂರ್ತಿ ಅಣ್ಣನ ಆದಾಯ, ತೆರಿಗೆ ಅವನೇ ಕಟ್ಟಬೇಕು. ಜಾಗ ಕೊಳ್ಳಲಿಕ್ಕೆ ಅಂತ ನಿಜ ಬರೆದರೆ ಫೆಮಾ ಉಲ್ಲಂಘನೆ ಅಲ್ಲೇ ದಾಖಲಾಗುತ್ತದೆ.

ಪತ್ರ ಬರೆಯುವವ, ಕುಮಟಾ

ತಂಗಿ ಹೇಳಿದ್ದಕ್ಕೆ ಒಂದೇ ಸೇರಿಸುತ್ತೇನೆ. ಕಡಲು ಕಾಣುವ ಜಾಗ ಅಂದಮೇಲೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನೋಡಲೇಬೇಕು. ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಆ ನಿಯಮ ಬರುತ್ತದೆ, ಹಳ್ಳಿ ಕಡೆ ಹೆಚ್ಚಿನ ಜಾಗದಲ್ಲಿ ಮೊದಲ 200 ಮೀಟರ್ ಹೊಸ ಕಟ್ಟಡಕ್ಕೆ ಅವಕಾಶ ಇಲ್ಲ. ಗುಡ್ಡದ ಬದಿ ಅಂದರೆ ಅರಣ್ಯದ ಗಡಿಯೂ ತಾಗಿರಬಹುದು. 11ಇ ನಕ್ಷೆ (ಸರ್ವೆಯವರು ಅಳೆದು ಕೊಡುವ ನಕ್ಷೆ) ತೆಗೆಸದೆ, ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ನಮ್ಮ ಊರವರೂ ಇಂಥ ಜಾಗಕ್ಕೆ ಅಡ್ವಾನ್ಸ್ ಕೊಡಬಾರದು.

ಕುಡ್ಲೆ ಕಡೆಯವ

ನೋಟರಿ ಕರಾರು ಇದ್ದರೆ ಸಾಕು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಿದ್ದರು. ಕಾಗದ ವಾಕ್ಯ ವಾಕ್ಯವಾಗಿ ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ ವಕೀಲಕ್ಕ. ಹಾಗಾದರೆ ಅವರು ಕಾನೂನು ಪ್ರಕಾರ ಇಲ್ಲಿ ಇರಲಿಕ್ಕೆ ದಾರಿ ಯಾವುದು? ಲೀಸ್ ಹೇಗೆ ಮಾಡುವುದು?

ಕಾರವಾರ ಕೋರ್ಟ್ ರಸ್ತೆ

ಲೀಸ್ ಮಾಡುವಾಗ ಒಂದು ಎಚ್ಚರ. ಕೃಷಿ ಜಮೀನನ್ನೇ ಗೇಣಿಗೆ, ಲೀಸಿಗೆ ಕೊಡುವುದನ್ನು ಭೂ ಸುಧಾರಣಾ ಕಾಯ್ದೆಯ 5ನೇ ಕಲಮು ತಡೆದಿದೆ. ಹಾಗಾಗಿ ಆ 12 ಗುಂಟೆಯನ್ನು ಯಾರಿಂದಲೋ ಲೀಸಿಗೆ ಹಿಡಿಯುವ ಯೋಚನೆ ಬೇಡ. ಅಣ್ಣನ ಹೋಮ್‌ಸ್ಟೇಯಲ್ಲೇ ಒಂದು ಮನೆಯೋ ಎರಡು ಕೋಣೆಯೋ ಬೇರೆ ಮಾಡಿ ಕೊಡಲಿ, ಆ ಕಟ್ಟಡಕ್ಕೆ ಎನ್.ಎ. ಆದೇಶ ಮತ್ತು ಪಂಚಾಯ್ತಿ ಖಾತೆ ಸರಿ ಇದ್ದರೆ. ಅವಧಿ 5 ವರ್ಷ ಮೀರಬಾರದು. 1 ವರ್ಷಕ್ಕಿಂತ ಜಾಸ್ತಿ ಇದ್ದರೆ ಲೀಸ್ ಪತ್ರ ನೋಂದಣಿ ಆಗಲೇಬೇಕು. "5 ಮುಗಿದಮೇಲೆ ತಾನಾಗಿ ಇನ್ನೊಂದು 5" ಅಂತ ಈಗಲೇ ಬರೆಯಬೇಡಿ. ಬಾಡಿಗೆ ಬ್ಯಾಂಕ್ ಮೂಲಕ ಬರಲಿ, ಅಣ್ಣ ಅದನ್ನು ರಿಟರ್ನ್‌ನಲ್ಲಿ ತೋರಿಸಲಿ. ಅವರು ಬಂದ 24 ಗಂಟೆಯೊಳಗೆ ವಿದೇಶಿ ಅತಿಥಿಯ ವಿವರವನ್ನು ಸರ್ಕಾರಕ್ಕೆ ಕೊಡುವುದು (ಹಿಂದೆ ಫಾರ್ಮ್-ಸಿ ಅನ್ನುತ್ತಿದ್ದದ್ದು) ಹೋಮ್‌ಸ್ಟೇ ನಡೆಸುವ ಅಣ್ಣನಿಗೆ ಗೊತ್ತೇ ಇರುತ್ತದೆ, ಲೀಸ್ ಇದ್ದರೂ ಅದು ತಪ್ಪುವುದಿಲ್ಲ.

ನಿಜವಾಗಿ ರೆಸಾರ್ಟ್ ಉದ್ಯಮ ಮಾಡುವುದಾದರೆ ಕಂಪನಿ ಕಟ್ಟಿ ವಿದೇಶಿ ಹೂಡಿಕೆ ತರುವ ದಾರಿ ಇದೆ. ಅದು ವ್ಯಾಪಾರ ಮಾಡುವವರಿಗೆ. ಬರೀ ವಾಸದ ಮನೆಗಾಗಿ ಕಾಗದದ ಮೇಲೊಂದು ಕಂಪನಿ ಮಾಡಿದರೆ ಮತ್ತೆ ಇದೇ ಜಾಗಕ್ಕೆ ಬಂದು ನಿಲ್ಲುತ್ತೀರಿ.

ಬಾಡದ ಹುಡುಗ

ಅಕ್ಕಾ, ನಿನ್ನೆ ರಾತ್ರಿ ಅಣ್ಣ, ಅತ್ತಿಗೆ, ನಾನು ಮೂವರೂ ಕೂತು ಇದನ್ನೆಲ್ಲ ಓದಿದೆವು. ಖಾತೆ ನಂಬರ್ ಕೊಟ್ಟಿಲ್ಲ, ಕೊಡುವುದಿಲ್ಲ. ಇವತ್ತು ಬೆಳಿಗ್ಗೆ ಅಣ್ಣ ಅವರಿಬ್ಬರಿಗೂ ವಿಷಯ ಬಿಡಿಸಿ ಹೇಳಿದ. ಅವರಿಗೆ ಬೇಸರ ಆಯ್ತು, ಆದರೆ ಜೈಲಿನ ವಿಷಯ ದಲ್ಲಾಳಿ ಅವರಿಗೆ ಹೇಳಿರಲೇ ಇಲ್ಲವಂತೆ. ಹಿಂದಿನ ಎರಡು ಕೋಣೆ ಮತ್ತು ಜಗಲಿಯನ್ನು 3 ವರ್ಷಕ್ಕೆ ಲೀಸ್ ಮಾಡಲು ಎರಡೂ ಕಡೆ ಒಪ್ಪಿಗೆ ಇದೆ. ಎನ್.ಎ. ಆದೇಶದ ಪ್ರತಿ ಹುಡುಕುತ್ತಿದ್ದೇವೆ. ಕುಮಟಾದ ಅಣ್ಣಾ, ಸೋಮವಾರ ಕಚೇರಿ ಎದುರು ಸಿಗುತ್ತೀರಾ? ಬೇರೆ ಏನೇನು ತರಬೇಕು?

ಪತ್ರ ಬರೆಯುವವ, ಕುಮಟಾ

ಹನ್ನೊಂದರ ಒಳಗೆ ಬಾ. ಕಟ್ಟಡದ ಖಾತೆ, ಈ ಸಾಲಿನ ಕರ ತುಂಬಿದ ರಸೀದಿ, ಅಣ್ಣನ ಆಧಾರ್ ಮತ್ತು ಪ್ಯಾನ್, ಅವರಿಬ್ಬರ ಪಾಸ್‌ಪೋರ್ಟ್, ವೀಸಾ ಪುಟದ ಪ್ರತಿ, ಎರಡೂ ಕಡೆಯ ಫೋಟೊ, ಇಬ್ಬರು ಸಾಕ್ಷಿ. ಅವರಿಗೆ ಕನ್ನಡ ಓದಲು ಬರುವುದಿಲ್ಲವಲ್ಲ, ಪತ್ರದ ಒಕ್ಕಣೆ ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳುವವರೂ ಒಬ್ಬರು ಬೇಕು. ದಲ್ಲಾಳಿಯನ್ನು ಕರೆದುಕೊಂಡು ಬರಬೇಡ.